ಮಗು ನಿನ್ನನ್ನು ಕೇಳುವುದೇ ಇಲ್ಲ

ಹೃದ್ರೋಗದ ವಾರ್ಡಿನಲ್ಲಿ, ಚಿಕ್ಕ ಮಕ್ಕಳಿರುವ ರೋಗಿಗಳ ಹಾಸಿಗೆಯ ಪಕ್ಕ, ಆಪ್ತ ಸಮಾಲೋಚಕಿಯಾದ ನಾನು ಅತಿ ಹೆಚ್ಚು ಕೇಳಿರುವ ಮಾತು ಇದು: ‘ನೀನೇನೂ ಯೋಚನೆ ಮಾಡಬೇಡ, ಮಕ್ಕಳನ್ನು ನಾವು ನೋಡಿಕೊಳ್ಳುತ್ತೇವೆ.’ ಹೇಳುವವರ ಮನಸ್ಸಿನಲ್ಲಿ ಕಪಟವಿಲ್ಲ. ಆದರೂ ಈ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಏಕೆಂದು ಹೇಳುವುದಕ್ಕೆ ಒಂದು ಪ್ರಕರಣ ಬರೆಯುತ್ತಿದ್ದೇನೆ. ಹೆಸರು ನಾನೇ ಇಟ್ಟದ್ದು, ಗುರುತು ಸಿಗುವಂಥ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಸುಮಾಗೆ 28 ವರ್ಷ. ಶಿಡ್ಲಘಟ್ಟದ ಕಡೆಯ ರೇಷ್ಮೆ ಸಾಕುವ ಮನೆಯ ಸೊಸೆ. ತವರಿನಲ್ಲಿ ತಾಯಿ ಇಲ್ಲದ್ದರಿಂದ ಎರಡೂ ಬಾಣಂತನ ಅತ್ತೆಯ ಮನೆಯಲ್ಲೇ ನಡೆದಿತ್ತು. ದೊಡ್ಡ ಮಗಳು ಎರಡನೇ ತರಗತಿ, ಚಿಕ್ಕವಳು ಮೂರು ವಾರದ ಕೂಸು. ಹೆರಿಗೆಯಾದ ಹತ್ತು ಹನ್ನೆರಡು ದಿನಕ್ಕೆ ಕಾಲು ಊದಿಕೊಂಡಿತು. ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೆ ಒರಗಿ ಕುಳಿತೇ ರಾತ್ರಿ ಕಳೆಯುತ್ತಿದ್ದಳು. ‘ಬಾಣಂತಿಗೆ ಸುಸ್ತು ಸಹಜ’ ಎಂದು ಮನೆಯವರೂ ಹೇಳಿದರು, ಮೊದಲು ತೋರಿಸಿದ ಕಡೆಯೂ ಹೇಳಿದರು. ಚಿಕ್ಕಬಳ್ಳಾಪುರಕ್ಕೆ ಬರುವ ಹೊತ್ತಿಗೆ ಶ್ವಾಸಕೋಶದಲ್ಲಿ ನೀರು ತುಂಬಿತ್ತು.

ಕಾಯಿಲೆಯ ಹೆಸರು ಪೆರಿಪಾರ್ಟಮ್ ಕಾರ್ಡಿಯೊಮಯೋಪತಿ. ಬಸಿರಿನ ಕೊನೆಯ ತಿಂಗಳಿನಿಂದ ಹೆರಿಗೆಯ ನಂತರದ ಐದು ತಿಂಗಳೊಳಗೆ ಹೃದಯದ ಸ್ನಾಯು ಸೋತು ಹೋಗುವ ಸ್ಥಿತಿ. ಎಡ ಹೃತ್ಕುಕ್ಷಿ ತನ್ನಲ್ಲಿ ತುಂಬಿದ ರಕ್ತದಲ್ಲಿ ಎಷ್ಟು ಪಾಲನ್ನು ಒಂದು ಬಡಿತಕ್ಕೆ ಹೊರಗೆ ತಳ್ಳುತ್ತದೆ ಎಂಬುದನ್ನು ಎಕೋ ಪರೀಕ್ಷೆ ಹೇಳುತ್ತದೆ. ಸುಮಾಳದು ಶೇ 25 ಇತ್ತು. ಗಂಡ ಆ ಚೀಟಿ ಹಿಡಿದುಕೊಂಡು ಬಂದು, ‘ನಮ್ಮ ಕಾಲದಲ್ಲಿ 35 ಬಂದರೆ ಪಾಸು ಮೇಡಂ, ಇವಳಿಗೆ 25’ ಎಂದ. ನೂರಕ್ಕೆ ನೂರು ಯಾರಿಗೂ ಬರುವುದಿಲ್ಲ, ಗಟ್ಟಿಮುಟ್ಟಾದ ಹೃದಯಕ್ಕೂ 55ರಿಂದ 70 ಬಂದರೆ ಅದೇ ಹೆಚ್ಚು, ಈ ಕಾಯಿಲೆಯಲ್ಲಿ ಎಷ್ಟೋ ಜನ ಆರು ತಿಂಗಳು, ವರ್ಷದೊಳಗೆ ಚೇತರಿಸಿಕೊಳ್ಳುತ್ತಾರೆ ಎಂದು ವಿವರಿಸಿದೆ. ಎಲ್ಲರೂ ಅಲ್ಲ ಎಂಬುದನ್ನೂ ಹೇಳಿದೆ. ಖರ್ಚಿನ ಚಿಂತೆಗೆ ಬಿಪಿಎಲ್ ಕಾರ್ಡ್ ಇತ್ತು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಅಂಥ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ.

ಆರನೇ ದಿನ ಸುಮಾಳನ್ನು ಐಸಿಯುನಿಂದ ವಾರ್ಡಿಗೆ ತಂದರು. ಅತ್ತೆ ರಾಗಿ ಗಂಜಿಯ ಡಬ್ಬಿ ಹಿಡಿದು ಬಂದಿದ್ದರು. ನಾನು ಪಕ್ಕದ ಹಾಸಿಗೆಯ ಬಳಿ ಇದ್ದೆ, ಮಾತೆಲ್ಲ ಕೇಳಿಸಿತು. ‘ಮಗು ನಿನ್ನನ್ನು ಕೇಳುವುದೇ ಇಲ್ಲ ಕಣಮ್ಮ. ಉಂಡುಕೊಂಡು, ಆಡಿಕೊಂಡು ಆರಾಮಾಗಿದೆ. ಕೂಸೂ ಬಾಟಲಿ ಹಾಲಿಗೆ ಒಗ್ಗಿಕೊಂಡಿತು. ಹುಳು ನಾಲ್ಕನೇ ಜ್ವರದಿಂದ ಎದ್ದಿವೆ, ಸೊಪ್ಪು ಹಾಕುವುದಕ್ಕೆ ನಿನ್ನ ನಾದಿನಿ ಬಂದಿದ್ದಾಳೆ. ನೀನು ನೆಮ್ಮದಿಯಾಗಿ ಮಲಗು.’ (ರೇಷ್ಮೆ ಹುಳು ಪೊರೆ ಬಿಡುವ ಹೊತ್ತಿಗೆ ಜ್ವರ ಎನ್ನುತ್ತಾರೆ.) ಸುಮಾ ‘ಆಯಿತು ಅತ್ತೆ’ ಎಂದು ಗೋಡೆಯ ಕಡೆ ತಿರುಗಿದಳು.

ಮಾರನೆಯ ಬೆಳಿಗ್ಗೆ ಹಾಸಿಗೆಯ ಬಟ್ಟೆ ಬದಲಿಸುವಾಗ ದಿಂಬಿನ ಕೆಳಗೆ ನಾಲ್ಕು ಮಾತ್ರೆ ಸಿಕ್ಕವು. ನರ್ಸ್ ನನ್ನನ್ನು ಕರೆಸಿದರು.

ಸ್ಟೂಲು ಎಳೆದುಕೊಂಡು ಕುಳಿತೆ. ಸುಮಾ ಮಾತ್ರೆಯ ಖಾಲಿ ಹಾಳೆಯನ್ನು ಮಡಚುತ್ತಾ, ಬಿಡಿಸುತ್ತಾ ಇದ್ದಳು. ನಾನೂ ಸುಮ್ಮನಿದ್ದೆ. ನಮ್ಮ ವೃತ್ತಿಯಲ್ಲಿ ಸುಮ್ಮನಿರುವುದಕ್ಕೂ ಸಂಬಳ ಬರುತ್ತದೆ ಎಂದು ಗೆಳತಿಯೊಬ್ಬಳು ಹಾಸ್ಯ ಮಾಡುತ್ತಾಳೆ. ಕೊನೆಗೆ ಅವಳೇ ಶುರು ಮಾಡಿದಳು: ‘ಹುಳು ಹಣ್ಣಾಗಿದೆಯೋ ಇಲ್ಲವೋ ಎಂದು ನಮ್ಮ ಮನೆಯಲ್ಲಿ ನಾನೇ ಹೇಳಬೇಕಿತ್ತು ಮೇಡಂ. ಬೆಳಕಿಗೆ ಹಿಡಿದರೆ ಮೈ ತಿಳಿಯಾಗಿ ಕಾಣಬೇಕು. ದೊಡ್ಡವಳ ಬಾಣಂತನದಲ್ಲೂ ಹುಳು ತಂದು ಬಾಗಿಲಲ್ಲಿ ನಿಂತು ನನ್ನನ್ನು ಕೇಳಿ, ಆಮೇಲೆ ಗೂಡು ಕಟ್ಟುವ ಚಂದ್ರಿಕೆಗೆ ಬಿಟ್ಟಿದ್ದರು. ಇನ್ನೊಂದು ವಾರಕ್ಕೆ ಹಣ್ಣಾಗುತ್ತವೆ. ಈ ಸಲ ಅವರೇ ಬಿಡುತ್ತಾರೆ, ಗೂಡೂ ಕಟ್ಟುತ್ತವೆ. ಮಗಳು ಕೇಳುವುದಿಲ್ಲ. ಕೂಸು ಒಗ್ಗಿಕೊಂಡಿತು. ಎಲ್ಲ ಸಾಗುತ್ತಿದೆಯಲ್ಲ, ಮಾತ್ರೆ ಏತಕ್ಕೆ?’

ಧೈರ್ಯ ಹೇಳುವ ಜಾಗ ಅದು ಎಂದು ಹೊಸಬರಿಗೆ ಅನ್ನಿಸೀತು. ನಾನು ಕೇಳಿದ್ದು, ‘ದೊಡ್ಡವಳಿಗೆ ಈಗ ಜಡೆ ಹಾಕುವವರು ಯಾರು?’

‘ಅತ್ತೆ. ಬಿಗಿಯಾಗಿ ಎಳೆದುಬಿಡುತ್ತಾರೆ. ಅವಳ ನೆತ್ತಿಯ ಬಲಗಡೆ ಒಂದು ಸುಳಿ ಇದೆ ಮೇಡಂ. ಬೈತಲೆ ಅಲ್ಲಿ ತೆಗೆದರೆ ಕೂದಲು ನಿಲ್ಲುವುದಿಲ್ಲ, ಎಳೆದರೆ ನೋಯುತ್ತದೆ. ಒಂದು ಬೆರಳು ಎಡಕ್ಕೆ ತೆಗೆಯಬೇಕು.’

‘ಇದನ್ನು ಅತ್ತೆಗೆ ಹೇಳಿದ್ದೀರಾ?’

‘ಯಾರೂ ಕೇಳಲಿಲ್ಲವಲ್ಲ.’

ಮಧ್ಯಾಹ್ನ ಅತ್ತೆಯನ್ನು ಮೆಟ್ಟಿಲ ಬಳಿ ಕೂರಿಸಿಕೊಂಡು, ಮಗು ನಿಜವಾಗಿಯೂ ಅಮ್ಮನನ್ನು ಕೇಳುವುದಿಲ್ಲವೇ ಎಂದೆ. ಸೆರಗು ಬಾಯಿಗೆ ಹೋಯಿತು. ಮೊದಲ ಎರಡು ದಿನ ಕೇಳಿತ್ತಂತೆ. ಅಮ್ಮ ಚಿಂತಾಮಣಿಗೆ ಮದುವೆಗೆ ಹೋಗಿದ್ದಾಳೆ ಎಂದರಂತೆ. (ಹಸಿ ಬಾಣಂತಿ ಕೂಸನ್ನು ಬಿಟ್ಟು ಮದುವೆಗೆ ಹೋಗುತ್ತಾಳೆಂದು ಯಾವ ಏಳು ವರ್ಷದ ಮಗು ನಂಬುತ್ತದೆ?) ಕೇಳಿದಾಗಲೆಲ್ಲ ಅಜ್ಜಿಯ ಕಣ್ಣು ತುಂಬುತ್ತಿತ್ತು. ಮೂರನೆಯ ದಿನದಿಂದ ಮಗು ಕೇಳುವುದನ್ನು ನಿಲ್ಲಿಸಿತು. ಈಗ ಅಮ್ಮನ ಹಳೆಯ ಸೀರೆಯೊಂದನ್ನು ಸುತ್ತಿಕೊಂಡು ಮಲಗುತ್ತದೆ. ‘ಅದನ್ನು ಇವಳಿಗೆ ಹೇಳಿದರೆ ಎದೆಗೆ ಪೆಟ್ಟಾಗುವುದಿಲ್ಲವೇನಮ್ಮ?’ ಎಂದರು ಅತ್ತೆ. ಒಳ್ಳೆಯ ಹೆಂಗಸು.

ನಾನು ಕೊಟ್ಟ ಸಲಹೆಯ ಮೊದಲ ಭಾಗಕ್ಕೆ ಹೃದ್ರೋಗ ತಜ್ಞರೇ ಹುಬ್ಬು ಗಂಟಿಕ್ಕಿದರು. ಸೀರೆಯ ವಿಷಯವನ್ನು ಸುಮಾಗೆ ಹೇಳಿ ಎಂದಿದ್ದೆ. ಭಾವೋದ್ವೇಗ ಬೇಡ ಎಂಬ ಅವರ ಮಾತು ಸುಳ್ಳಲ್ಲ. ಆದರೆ ಅಳುವ ರೋಗಿಗಿಂತ ಮಾತ್ರೆ ಬಚ್ಚಿಡುವ ರೋಗಿಯ ಹೃದಯಕ್ಕೆ ಅಪಾಯ ಹೆಚ್ಚು ಎಂದು ವಾದಿಸಿದೆ, ಈಗಲೂ ಅದೇ ನನ್ನ ನಿಲುವು. ಅವರ ಒಪ್ಪಿಗೆ ಪಡೆದು, ನರ್ಸ್ ಪಕ್ಕದಲ್ಲಿರುವಾಗ ಹೇಳಿಸಿದೆ. ಸುಮಾ ಅತ್ತಳು. ಆಮೇಲೆ ಗಂಜಿ ಕೇಳಿ ಕುಡಿದಳು.

ಎರಡನೆಯದು, ಮಗುವಿಗೆ ಸುಳ್ಳು ಹೇಳುವುದನ್ನು ನಿಲ್ಲಿಸುವುದು. ಊರಿಗೆ ಹೋಗಿದ್ದಾಳೆ, ನಿದ್ದೆ ಮಾಡುತ್ತಿದ್ದಾಳೆ ಎಂಬ ಸುಳ್ಳುಗಳನ್ನು ಮಕ್ಕಳು ಬೇಗ ಪತ್ತೆ ಹಚ್ಚುತ್ತಾರೆ, ಆಮೇಲೆ ನಿಜ ಹೇಳಿದರೂ ನಂಬುವುದಿಲ್ಲ. ಅಪ್ಪನ ಬಾಯಿಂದ ಹೇಳಿಸಿದ್ದು ಇಷ್ಟು: ‘ಅಮ್ಮನ ಹೃದಯಕ್ಕೆ ಸುಸ್ತಾಗಿದೆ. ಡಾಕ್ಟರು ಔಷಧಿ ಕೊಡುತ್ತಿದ್ದಾರೆ. ನೀನು ಹಟ ಮಾಡಿದ್ದರಿಂದ ಬಂದದ್ದಲ್ಲ, ಪಾಪುವಿನ ತಪ್ಪೂ ಅಲ್ಲ.’ ಕೊನೆಯ ವಾಕ್ಯವನ್ನು ಬಿಡಬಾರದು ಎಂದು ಎರಡು ಸಲ ಹೇಳಿ ಕಳುಹಿಸಿದ್ದೆ. ಹೊಸ ಕೂಸು ಬಂದ ಮೇಲೆ ತಾಯಿ ಬಿದ್ದಿರುವ ಮನೆಯಲ್ಲಿ ದೊಡ್ಡ ಮಗು ಯಾರ ಮೇಲೆ ಲೆಕ್ಕ ಬರೆಯುತ್ತದೆಂದು ಊಹಿಸುವುದು ಕಷ್ಟವಲ್ಲ.

ಮೂರನೆಯದೇ ಮುಖ್ಯ. ತಾಯಿತನದ ಒಂದು ಕೆಲಸವಾದರೂ ಸುಮಾಳ ಕೈಯಲ್ಲಿ ಉಳಿಯಬೇಕು, ಅದನ್ನು ಬೇರೆ ಯಾರೂ ಮಾಡಬಾರದು. ವಿಶ್ರಾಂತಿ ಕೊಡುತ್ತೇವೆಂದು ಎಲ್ಲವನ್ನೂ ಕಿತ್ತುಕೊಂಡರೆ, ಬದುಕಿರುವಾಗಲೇ ಆ ಮನೆ ತಾನಿಲ್ಲದೆ ಸಾಗುವುದನ್ನು ರೋಗಿ ಕುಳಿತು ನೋಡಬೇಕಾಗುತ್ತದೆ. ಹಾಗಾಗಿ ಪ್ರತಿ ಸಂಜೆ ಏಳಕ್ಕೆ ಹತ್ತು ನಿಮಿಷ ವಿಡಿಯೊ ಕರೆ. ನಾಳೆ ಒಂದು ಜಡೆಯೋ ಎರಡೋ, ಯಾವ ಬಣ್ಣದ ಟೇಪು, ಬೈತಲೆ ಎಲ್ಲಿ, ಎಲ್ಲವೂ ಸುಮಾಳ ತೀರ್ಮಾನ. ಹುಳುವನ್ನೂ ಫೋನಿನಲ್ಲಿ ಬೆಳಕಿಗೆ ಹಿಡಿದು ತೋರಿಸಿದರು. ‘ಇನ್ನೊಂದು ದಿನ ತಡೆಯಿರಿ’ ಎಂದಳಂತೆ.

ಇನ್ನೊಂದು ಮಾತು ಇಲ್ಲಿ ಸೇರಿಸಲೇಬೇಕು, ಇದಕ್ಕಾಗಿ ನಾನು ಬೈಸಿಕೊಂಡಿದ್ದೇನೆ. ಈ ಕಾಯಿಲೆ ಬಂದವರಿಗೆ ಮತ್ತೊಂದು ಬಸಿರು ಅಪಾಯಕಾರಿ, ಹೃದಯ ಪೂರ್ತಿ ಚೇತರಿಸಿಕೊಳ್ಳದಿದ್ದರಂತೂ ಪ್ರಾಣಕ್ಕೇ ಕುತ್ತು. ಎರಡೂ ಹೆಣ್ಣು, ಗಂಡೊಂದು ಬೇಕು ಎಂಬ ಪಿಸುಮಾತು ವಾರ್ಡಿನಲ್ಲೇ ಶುರುವಾಗಿತ್ತು. ಗಂಡನನ್ನು ಕರೆದು, ಸೋತ ಹೃದಯದ ಹೆಂಗಸಿಗೆ ಅರಿವಳಿಕೆ ಕೊಟ್ಟು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡುವುದಕ್ಕಿಂತ ನೀವು ವಾಸೆಕ್ಟಮಿ, ಅಂದರೆ ಗಂಡಸರ ಸಂತಾನಹರಣ ಚಿಕಿತ್ಸೆ, ಮಾಡಿಸಿಕೊಳ್ಳುವುದು ಸುಲಭ, ಆ ಜಾಗಕ್ಕಷ್ಟೇ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು ಅರ್ಧ ಗಂಟೆಯೊಳಗೆ ಮುಗಿಸುತ್ತಾರೆ ಎಂದೆ. ಅವನ ಅಣ್ಣ ಬಂದು ಕೂಗಾಡಿ ಹೋದ. ಕೂಗಾಡಲಿ. ಹೇಳದೆ ಬಿಟ್ಟಿದ್ದರೆ ನನಗೆ ನಿದ್ದೆ ಬರುತ್ತಿರಲಿಲ್ಲ.

ನನ್ನ ಸಲಹೆ ಪೂರ್ತಿ ಸರಿಯಿತ್ತು ಎಂದೂ ಹೇಳಲಾರೆ. ಮನೆಗೆ ಹೋದ ಮೇಲೆ ದಿನಾ ಬೆಳಿಗ್ಗೆ ತೂಕ ನೋಡಬೇಕಿತ್ತು. ಎರಡು ಮೂರು ದಿನದಲ್ಲಿ ಎರಡು ಕೆ.ಜಿ. ಏರಿದರೆ ಅದು ಮೈ ಬಂದದ್ದಲ್ಲ, ನೀರು ನಿಂತದ್ದು. ಕೂಡಲೇ ಆಸ್ಪತ್ರೆಗೆ ತಿಳಿಸಬೇಕು. ತೂಕ ಓದಿ ಕ್ಯಾಲೆಂಡರಿನಲ್ಲಿ ಬರೆಯುವ ಕೆಲಸವನ್ನು ದೊಡ್ಡ ಮಗಳಿಗೆ ಕೊಡಿ ಎಂದಿದ್ದೆ. ಮಗುವನ್ನು ಕಾಯಿಲೆಯ ಕಾವಲಿಗೆ ನಿಲ್ಲಿಸುತ್ತೀರಾ ಎಂದು ಸಹೋದ್ಯೋಗಿಯೊಬ್ಬರು ಆಗಲೇ ಆಕ್ಷೇಪಿಸಿದ್ದರು. ನಾನು ಒಪ್ಪಲಿಲ್ಲ. ಐದನೇ ವಾರದಲ್ಲಿ ಸುಮಾಳ ಪಾದ ಮತ್ತೆ ಊದಿತು, ಕ್ಯಾಲೆಂಡರಿನಲ್ಲಿ ಮಾತ್ರ ಮೂರು ದಿನವೂ 51 ಎಂದೇ ಇತ್ತು. ತೂಕದ ಯಂತ್ರದ ಮೇಲೆ ನಿಲ್ಲಿಸಿದರೆ 53. ಹೆಚ್ಚು ಬರೆದರೆ ಅಮ್ಮನನ್ನು ಮತ್ತೆ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾರೆ ಎಂದು ಮಗು ಹಳೆಯ ಅಂಕಿಯನ್ನೇ ಬರೆದಿತ್ತು. ಆ ಸಹೋದ್ಯೋಗಿಯ ಮುಂದೆ ಹೋಗಿ ತಪ್ಪೊಪ್ಪಿಕೊಂಡೆ. ಮಗುವಿಗೆ ಯಾರೂ ಬೈಯಬಾರದು ಎಂದು ಮನೆಗೆ ಫೋನ್ ಮಾಡಿ ಹೇಳಿದೆ.

ಈಗ ತೂಕ ಬರೆಯುವುದು ಗಂಡನ ಕೆಲಸ. ಅದೇ ಚೌಕದ ಮೂಲೆಯಲ್ಲಿ ಮಗಳು ಅಂದಿನ ಟೇಪಿನ ಬಣ್ಣವನ್ನು ಪೆನ್ಸಿಲಿನಿಂದ ಗೀಚುತ್ತಾಳೆ. ಸುಮಾ ಕುರ್ಚಿಯ ಮೇಲೆ ಕುಳಿತು ಜಡೆ ಹಾಕುತ್ತಾಳೆ, ಎರಡು ಜಡೆಯ ದಿನ ನಡುವೆ ಸ್ವಲ್ಪ ಸುಧಾರಿಸಿಕೊಳ್ಳುತ್ತಾಳೆ. ಆರು ತಿಂಗಳ ಎಕೋದಲ್ಲಿ ಶೇ 45 ಬಂತು. ‘ಪಾಸಾದಳು ಮೇಡಂ’ ಎಂದು ಗಂಡ ಫೋನ್ ಮಾಡಿದ. ಮಾತ್ರೆ ಮಾತ್ರ ನಿಲ್ಲಿಸುವಂತಿಲ್ಲ ಎಂದು ಮತ್ತೊಮ್ಮೆ ಹೇಳಿದೆ. ವಾಸೆಕ್ಟಮಿಯ ಮಾತು ಎತ್ತಿದಾಗ, ಗೂಡು ಮಾರುಕಟ್ಟೆಗೆ ಹೊತ್ತಾಯಿತು ಎಂದು ಫೋನ್ ಇಟ್ಟ. ಸೋಮವಾರ ಮತ್ತೆ ಮಾಡುತ್ತೇನೆ.