ಗಬ್ಬ ನಿಲ್ಲದ ಹಂದಿ, ತೂಕ ಬಾರದ ಮರಿ: ಮೊದಲು ಜೋಳದ ಚೀಲ ನೋಡಿ

ದಾವಣಗೆರೆ ಹತ್ತಿರ 8 ಯಾರ್ಕ್‌ಶೈರ್ ಹೆಣ್ಣು ಹಂದಿ ಸಾಕಿದ್ದೀರಿ, ಮೆಕ್ಕೆಜೋಳದ ನುಚ್ಚು, ಶೇಂಗಾ ಹಿಂಡಿ ಹಾಕ್ತೀರಿ. ಕೂಡಿಸಿದ ಮೂರು ವಾರಕ್ಕೆ ಮತ್ತೆ ಬೆದೆಗೆ ಬರ್ತವೆ, ಮರಿಗಳೂ ಬೆಳೆಯಲ್ಲ, ತಳಿ ಬದಲಿಸಲಾ ಅಂತ ಕೇಳಿದ್ದೀರಿ.

ತಳಿಗೆ ಈಗಲೇ ದುಡ್ಡು ಸುರಿಯಬೇಡಿ. ಜೋಳದ ಚೀಲ ಬಿಚ್ಚಿ ನೋಡಿ. ನಮ್ಮ ಕಡೆ ಮಳೆಗೆ ಸಿಕ್ಕ ಮೆಕ್ಕೆಜೋಳ ಅಗ್ಗ, ಹಂದಿ ಪಾಲಿಗೆ ಬರೋದೂ ಅದೇ. ತೇವದಲ್ಲಿ ಬೆಳೆಯುವ ಗುಲಾಬಿ ಬಣ್ಣದ ಬೂಷ್ಟಿನಿಂದ ಜಿಯರಲೆನೋನ್ ಅನ್ನೋ ವಿಷ ಹುಟ್ಟುತ್ತೆ. ಅದು ಹೆಣ್ಣು ಹಾರ್ಮೋನಿನ ವೇಷದಲ್ಲಿ ಮೈ ಸೇರಿ ಬೆದೆಯ ಲೆಕ್ಕವನ್ನೇ ಕೆಡಿಸುತ್ತೆ. ಎರಡು ಮೂರು ತಿಂಗಳ ಹೆಣ್ಣುಮರಿಗಳ ಬಾಲದ ಕೆಳಗೆ ನೋಡಿ: ಬೆದೆಯ ವಯಸ್ಸೇ ಆಗದೆ ಯೋನಿ ಕೆಂಪಗೆ ಊದಿದ್ದರೆ ಅನುಮಾನ ಜೋಳದ ಮೇಲೇ. ಬೇಯಿಸಿದರೂ ಈ ವಿಷ ಹೋಗಲ್ಲ, ಆ ಚೀಲ ತೆಗೆದುಹಾಕೋದೇ ದಾರಿ. ಹೊಸ ಜೋಳವನ್ನು ತೇವ 12–13% ಇಳಿಯೋವರೆಗೆ ಒಣಗಿಸಿ ಇಡಿ. ಹಳೇ ಶೇಂಗಾ ಹಿಂಡಿಯಲ್ಲಿ ಅಫ್ಲಾಟಾಕ್ಸಿನ್ ಅನ್ನೋ ಇನ್ನೊಂದು ಬೂಷ್ಟಿನ ವಿಷದ ಕಾಟ ಬೇರೆ. ಚಳ್ಳಕೆರೆ ಮಿಲ್ಲಿಂದ ತಂದರೂ ಹೊಸ ಹಿಂಡಿಯನ್ನೇ ಕೇಳಿ.

ಬೂಷ್ಟು ಇಲ್ಲ ಅನ್ನೋಣ. ಆಗಲೂ ಜೋಳ, ಶೇಂಗಾ ಹಿಂಡಿ ಎರಡರಲ್ಲೂ ಲೈಸಿನ್ (ಮಾಂಸ ಕಟ್ಟಲು ಬೇಕಾದ ಪ್ರೋಟೀನಿನ ಅಂಶ) ಕೊರತೆ. ಎಷ್ಟು ಸುರಿದರೂ ಕೊಬ್ಬು ಕೂಡುತ್ತೆ, ಮಾಂಸ ಕಟ್ಟಲ್ಲ. ಬೆಳೆಯೋ ಮರಿಗೆ 100 ಕೆಜಿ ಮಿಶ್ರಣದಲ್ಲಿ ಮೆಕ್ಕೆಜೋಳ 60, ಲೈಸಿನ್ ಇರೋ ಸೋಯಾ ಹಿಂಡಿ 22, ಅಕ್ಕಿ ತೌಡು 15, ಖನಿಜ ಮಿಶ್ರಣ 2.5, ಉಪ್ಪು ಅರ್ಧ ಕೆಜಿ. ತೌಡು ಕಮಟು ಹಿಡಿದಿರಬಾರದು.

ಕೂಡಿಸುವಾಗ ಯೋನಿ ಕೆಂಪಾದ ದಿನವೇ ಅವಸರ ಪಟ್ಟರೆ ನಿಲ್ಲಲ್ಲ. ಸೊಂಟದ ಮೇಲೆ ಕೈಯೂರಿ ಅದುಮಿ. ಕದಲದೆ ನಿಂತರೆ ಅದೇ ಸಮಯ. ಬೆಳಗ್ಗೆ ಹಾಗೆ ನಿಂತರೆ ಸಂಜೆ ಒಮ್ಮೆ, ಮರುದಿನ ಬೆಳಗ್ಗೆ ಇನ್ನೊಮ್ಮೆ. ಕೂಡಿಸುವ ಹತ್ತು ದಿನ ಮುಂಚೆ ಮೇವು ಹೆಚ್ಚಿಸಿ, ಕೂಡಿದ ಮೇಲೆ ದಿನಕ್ಕೆ 2 ಕೆಜಿ ಆಸುಪಾಸಿಗೆ ಇಳಿಸಿ. ಗಂಡು ಹಂದಿಯನ್ನೂ ಮರೀಬೇಡಿ. ಏಪ್ರಿಲ್–ಮೇ ಬಿಸಿಲಿಗೆ ಬಳಲಿದ ಗಂಡಿನ ವೀರ್ಯ ಸುಧಾರಿಸಲು ಐದಾರು ವಾರ ಬೇಕು. ಜೂನ್‌ನಲ್ಲಿ ತಂಪಿದ್ದರೂ ಗಬ್ಬ ನಿಲ್ಲದಿರೋದು ಹೀಗೆ. ನೆರಳು, ಮಧ್ಯಾಹ್ನ ಮೈಗೆ ನೀರು ಕೊಡಿ.

ಸಿಮೆಂಟ್ ನೆಲದ ಮೇಲೆ ಹುಟ್ಟಿದ ಮರಿಗೆ ಮಣ್ಣಿನ ಕಬ್ಬಿಣ ಸಿಗಲ್ಲ, ತಾಯಿ ಹಾಲಲ್ಲಿ ಅದು ತೀರಾ ಕಮ್ಮಿ. ಮೂರನೇ ದಿನ ಕಬ್ಬಿಣದ ಇಂಜೆಕ್ಷನ್ 200 ಮಿಗ್ರಾಂ ಹಾಕಿಸಿ. ಬಾಟಲಿ ಮಿಲಿಗೆ 50 ಮಿಗ್ರಾಂದೋ 100 ಮಿಗ್ರಾಂದೋ ಓದಿಕೊಳ್ಳಿ. 50ರ ಬಾಟಲಿಯಿಂದ 2 ಮಿಲಿ ಹಾಕಿದರೆ ಅರ್ಧ ಡೋಸೇ ಹೋಗಿರುತ್ತೆ.