ಏಳು ತಿಂಗಳ ಮಗುವಿಗೆ ತಲೆಬುರುಡೆ ಸರ್ಜರಿ: ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ

ಪ್ರಶ್ನೆ: ನನ್ನ ಮಗನಿಗೆ ಏಳು ತಿಂಗಳು, ತೂಕ ಏಳೂವರೆ ಕೆ.ಜಿ. ಹುಟ್ಟಿದಾಗಿನಿಂದ ತಲೆ ಉದ್ದಕ್ಕಿದೆ, ಅಗಲ ಕಡಿಮೆ. ದುಂಡಗಾಗಲಿ ಎಂದು ಅಜ್ಜಿ ದಿನಾ ಎಣ್ಣೆ ಹಚ್ಚಿ ಒತ್ತುತ್ತಿದ್ದರು, ಸಾಸಿವೆ ದಿಂಬನ್ನೂ ಇಟ್ಟೆವು. ಈಗ ಸಿ.ಟಿ. ಸ್ಕ್ಯಾನ್ ನೋಡಿ, ನೆತ್ತಿಯ ನಡುವಿನ ಮೂಳೆ ಬೇಗ ಕೂಡಿಕೊಂಡಿದೆ, ಬುರುಡೆ ಬಿಚ್ಚಿ ಸರಿಮಾಡಬೇಕು ಎಂದಿದ್ದಾರೆ. ಇಷ್ಟು ಸಣ್ಣ ಮಗು ತಡೆಯುತ್ತದಾ? ಮೆದುಳಿಗೆ ಏನಾದರೂ ಆದರೆ? ದೊಡ್ಡವನಾದ ಮೇಲೆ ಮಾಡಿಸಬಾರದಾ?
– ಒಬ್ಬ ತಾಯಿ, ಹಾವೇರಿ ಜಿಲ್ಲೆ

ಉತ್ತರ: ಮೊದಲು ಅಜ್ಜಿಗೆ ಸಮಾಧಾನ ಹೇಳಿ. ಒತ್ತಿದ್ದರಿಂದ ಇದು ಬಂದಿದ್ದಲ್ಲ. ಆದರೆ ಕೂಡಿಕೊಂಡ ಮೂಳೆಯನ್ನು ಒತ್ತಿ ಬಿಡಿಸಲೂ ಆಗದು. ಹಾಗಾಗಿ ಒತ್ತುವುದನ್ನು ನಿಲ್ಲಿಸಿ, ದಿಂಬನ್ನೂ ತೆಗೆದಿಡಿ. ಒಂದೇ ಮಗ್ಗುಲಲ್ಲಿ ಮಲಗಿ ತಲೆ ಚಪ್ಪಟೆಯಾಗುವುದು ಬೇರೆ ವಿಷಯ, ಅದಕ್ಕೆ ಸರ್ಜರಿ ಬೇಡ. ನಿಮ್ಮ ಮಗನದು ಕ್ರೇನಿಯೋಸಿನೊಸ್ಟೋಸಿಸ್, ಅಂದರೆ ಬುರುಡೆಯ ಮೂಳೆಗಳ ನಡುವಿನ ಗೆರೆ ಬೇಗ ಕೂಡಿಕೊಳ್ಳುವುದು. ಸುಮಾರು 2,000ದಿಂದ 2,500 ಮಕ್ಕಳಲ್ಲಿ ಒಂದಕ್ಕೆ ಇದು ಬರುತ್ತದೆ. ನೆತ್ತಿಯ ನಡುಗೆರೆ ಬೇಗ ಕೂಡಿಕೊಳ್ಳುವುದೇ ಅದರಲ್ಲಿ ಜಾಸ್ತಿ.

ಮೆದುಳಿನ ಬಗ್ಗೆ ನಿಮಗೆ ಭಯ ಇದೆ, ಎಲ್ಲ ತಾಯಂದಿರಿಗೂ ಇರುತ್ತದೆ. ಈ ಸರ್ಜರಿಯಲ್ಲಿ ಮೆದುಳಿಗೆ ಕೈ ಹಾಕುವುದಿಲ್ಲ. ಮೆದುಳಿನ ಮೇಲೊಂದು ಗಟ್ಟಿ ಪರೆ ಇದೆ. ಆ ಪರೆಯಿಂದ ಮೂಳೆಯನ್ನು ಬಿಡಿಸಿ, ಕತ್ತರಿಸಿ, ಆಕಾರ ಕೊಟ್ಟು ಮತ್ತೆ ಕೂರಿಸುತ್ತಾರೆ. ಬಿಡಿಸುವಾಗ ಪರೆ ಅಲ್ಲಲ್ಲಿ ಹರಿಯಬಹುದು. ಹರಿದರೆ ಅಲ್ಲೇ ಹೊಲಿಯುತ್ತಾರೆ.

ನಾವು ಸರ್ಜನ್‌ಗಳು ಹೆದರುವುದು ರಕ್ತಕ್ಕೆ. ಶಿಶುವಿನ ಮೈಯಲ್ಲಿ ಒಂದು ಕೆ.ಜಿ. ತೂಕಕ್ಕೆ ಸುಮಾರು 80 ಎಂ.ಎಲ್. ರಕ್ತ ಇರುತ್ತದೆ. ನಿಮ್ಮ ಮಗನ ಮೈಯಲ್ಲಿರುವುದು ಒಟ್ಟು 600 ಎಂ.ಎಲ್. ಅಷ್ಟೆ. 150 ಎಂ.ಎಲ್. ಹೋದರೆ ದೊಡ್ಡವರಿಗೆ ಗೊತ್ತೂ ಆಗುವುದಿಲ್ಲ, ಇವನಿಗೆ ಅದು ಕಾಲು ಭಾಗ! ತಲೆಯ ಚರ್ಮದಲ್ಲೂ ಮೂಳೆಯಲ್ಲೂ ರಕ್ತನಾಳ ಜಾಸ್ತಿ, ನೆತ್ತಿಯ ಗೆರೆಯ ಕೆಳಗೇ ದೊಡ್ಡ ರಕ್ತನಾಳವೊಂದು ಹಾದುಹೋಗುತ್ತದೆ. ಅದಕ್ಕೇ ಚರ್ಮ ಕೊಯ್ಯುವ ಮುಂಚೆಯೇ ಹೊಂದುವ ರಕ್ತ ಆಪರೇಷನ್ ಥಿಯೇಟರಿಗೆ ಬಂದಿರಬೇಕು. ಟ್ರಾನೆಕ್ಸಾಮಿಕ್ ಆಸಿಡ್ ಎಂಬ ಔಷಧಿ ಕೊಟ್ಟರೆ ರಕ್ತ ಹೋಗುವುದು ಕಡಿಮೆಯಾಗುತ್ತದೆ, ಈಗ ಹೆಚ್ಚಿನ ಕಡೆ ಕೊಡುತ್ತಾರೆ. ತೆರೆದ ರಕ್ತನಾಳದೊಳಗೆ ಗಾಳಿ ಸೇರುವ ಅಪಾಯವೂ ಇದೆ. ತಲೆ ಎದೆಗಿಂತ ಮೇಲಿದ್ದರೆ ಆ ಅಪಾಯ ಹೆಚ್ಚು, ಹಾಗಾಗಿ ಅರಿವಳಿಕೆ ವೈದ್ಯರು ಉದ್ದಕ್ಕೂ ಅದನ್ನು ಕಾಯುತ್ತಿರುತ್ತಾರೆ.

ಅನುಭವವಿರುವ ಕೇಂದ್ರಗಳಲ್ಲಿ ಸಾವು ಶೇ 1ಕ್ಕಿಂತ ಕಡಿಮೆ. ಆದರೆ ಇದು ಒಬ್ಬರ ಕೈಚಳಕದಿಂದ ಬಂದ ಸುರಕ್ಷತೆಯಲ್ಲ. ಈ ವಿದ್ಯೆಗೆ ದಾರಿ ಹಾಕಿದ ಫ್ರಾನ್ಸಿನ ಪ್ಲಾಸ್ಟಿಕ್ ಸರ್ಜನ್ ಪೌಲ್ ಟೆಸಿಯೆ ಕೂಡ ಒಬ್ಬರೇ ಮಾಡಲಿಲ್ಲ. ನ್ಯೂರೋಸರ್ಜನ್ ಗೆರಾರ್ ಗಿಯೋ ಅವರನ್ನು ಜೊತೆಗಿಟ್ಟುಕೊಂಡೇ ಮಾಡಿದರು. ನೀವೂ ಸಂಕೋಚಪಡದೆ ಕೇಳಿ: ಇಂಥ ಸರ್ಜರಿ ವರ್ಷಕ್ಕೆ ಎಷ್ಟು ಮಾಡುತ್ತೀರಿ? ನ್ಯೂರೋಸರ್ಜನ್ ಮತ್ತು ಮುಖದ ಸರ್ಜನ್ ಇಬ್ಬರೂ ಇರುತ್ತಾರಾ? ಮಕ್ಕಳ ಅರಿವಳಿಕೆ ವೈದ್ಯರು ಇದ್ದಾರಾ? ಮಕ್ಕಳ ಐಸಿಯು ಅದೇ ಕಟ್ಟಡದಲ್ಲಿದೆಯಾ? ಐಸಿಯು ಇಲ್ಲ ಎಂದರೆ ಅಲ್ಲಿ ಮಾಡಿಸಬೇಡಿ. ನಿಮಗೆ ಧಾರವಾಡ ಹತ್ತಿರ, ಅಲ್ಲಿನ ಎಸ್‌ಡಿಎಂನಲ್ಲಿ ಮುಖ-ತಲೆಬುರುಡೆ ಸರ್ಜರಿಗೆಂದೇ ವಿಭಾಗ ಇದೆ. ಬೆಂಗಳೂರಿನ ನಿಮ್ಹಾನ್ಸ್ ಕೂಡ ಇದೆ. ಇನ್ನೊಬ್ಬರ ಅಭಿಪ್ರಾಯ ಕೇಳುವುದು ನಿಮ್ಮ ವೈದ್ಯರಿಗೆ ಮಾಡುವ ಅವಮಾನವಲ್ಲ.

ದೊಡ್ಡವನಾಗಲಿ ಎಂದು ಕಾಯಬೇಡಿ. ಮೊದಲ ವರ್ಷದಲ್ಲಿ ಮೆದುಳು ಎರಡರಷ್ಟಾಗುತ್ತದೆ. ಕೆಲವು ಮಕ್ಕಳಲ್ಲಿ ತಲೆಯೊಳಗೆ ಒತ್ತಡ ಏರುತ್ತದೆ, ಹೊರಗೆ ಗೊತ್ತೇ ಆಗುವುದಿಲ್ಲ. ಈ ವಯಸ್ಸಿನಲ್ಲಿ ಮೂಳೆಯ ನಡುವೆ ಬಿಟ್ಟ ಜಾಗ ತಾನಾಗಿ ತುಂಬಿಕೊಳ್ಳುತ್ತದೆ. ವರ್ಷ ದಾಟಿದಂತೆ ಆ ಗುಣ ಕಡಿಮೆಯಾಗುತ್ತದೆ. ಸಣ್ಣ ಗಾಯದ ಎಂಡೋಸ್ಕೋಪಿ ವಿಧಾನಕ್ಕೆ ಮೂರು-ನಾಲ್ಕು ತಿಂಗಳೇ ಒಳ್ಳೆಯ ವಯಸ್ಸು, ನಿಮ್ಮ ಮಗನಿಗೆ ಆ ಸಮಯ ದಾಟಿದೆ. ಬೇಸರ ಬೇಡ, ದೊಡ್ಡ ಸರ್ಜರಿಗೆ ಇದು ಸರಿಯಾದ ವಯಸ್ಸು. ಹಾಗಂತ ನಾಳೆಯೇ ಓಡಬೇಕಿಲ್ಲ. ಹಿಮೋಗ್ಲೋಬಿನ್ ನೋಡಿಸಿ, ಕಡಿಮೆಯಿದ್ದರೆ ವೈದ್ಯರು ಕಬ್ಬಿಣಾಂಶದ ಹನಿ ಕೊಟ್ಟು ಏರಿಸಲಿ. ಶೀತ, ಕೆಮ್ಮು ಇದ್ದರೆ ಮುಚ್ಚಿಡದೆ ಹೇಳಿ, ದಿನ ಮುಂದೆ ಹಾಕುತ್ತಾರೆ. ಅರಿವಳಿಕೆಗೆ ನಾಲ್ಕು ಗಂಟೆ ಮುಂಚೆ ಎದೆಹಾಲು ನಿಲ್ಲಿಸಬೇಕು. ಮಗು ಅಳುತ್ತದೆ ಎಂದು ಕದ್ದು ಕುಡಿಸಬೇಡಿ. ಹಾಲು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಎರಡನೇ ದಿನ ಮಗನ ಮುಖ ಊದಿ, ಎರಡೂ ಕಣ್ಣು ಮುಚ್ಚಿಕೊಳ್ಳಬಹುದು. ಮಗುವಿಗೆ ಕಣ್ಣೇ ಹೋಯಿತೇನೋ ಎಂದು ಐಸಿಯು ಬಾಗಿಲಲ್ಲಿ ಕುಸಿದ ತಾಯಂದಿರನ್ನು ನೋಡಿದ್ದೇನೆ. ಅದು ಊತ ಅಷ್ಟೆ, ಮೂರು-ನಾಲ್ಕು ದಿನದಲ್ಲಿ ಇಳಿಯುತ್ತದೆ. ಆಗ ಅವನಿಗೆ ನೀವು ಕಾಣಿಸುವುದಿಲ್ಲ, ನಿಮ್ಮ ದನಿ ಕೇಳಿಸುತ್ತದೆ. ಪಕ್ಕದಲ್ಲಿ ಕೂತು ಮಾತಾಡಿ. ಮನೆಗೆ ಬಂದ ಮೇಲೆ ಜ್ವರ ಬಂದರೆ, ಗಾಯದಿಂದ ಕೀವು ಅಥವಾ ನೀರಿನಂಥ ದ್ರವ ಸೋರಿದರೆ, ಮತ್ತೆ ಮತ್ತೆ ವಾಂತಿಯಾದರೆ, ಎಬ್ಬಿಸಿದರೂ ಏಳದೆ ಮಂಕಾಗಿದ್ದರೆ, ಅಥವಾ ಫಿಟ್ಸ್ ಬಂದರೆ ಬೆಳಗಾಗಲಿ ಎಂದು ಕಾಯದೆ ಹೊರಡಿ.

ಪ್ರಶ್ನೆ: ಮುಂದೆ ಬಂದಿದ್ದ ಕೆಳದವಡೆಯನ್ನು ಹಿಂದಕ್ಕೆ ಸರಿಸುವ ಸರ್ಜರಿಯಾಗಿ ಐದು ತಿಂಗಳಾಯಿತು. ಕೆಳತುಟಿ, ಗದ್ದ ಇನ್ನೂ ಜೋಮು. ಈಚೆಗೆ ಇರುವೆ ಹರಿದಂತಾಗುತ್ತದೆ. ಬಾಯಿ ಸೊಟ್ಟಗಾಗುತ್ತದಾ?
– ಯುವತಿ, 24 ವರ್ಷ

ಉತ್ತರ: ಸೊಟ್ಟಗಾಗುವುದಿಲ್ಲ. ಜೋಮು ಹಿಡಿದಿರುವುದು ಕೆಳತುಟಿ, ಗದ್ದದ ನರಕ್ಕೆ. ಈ ನರ ಸ್ಪರ್ಶ ತಿಳಿಸುತ್ತದೆ ಅಷ್ಟೆ, ತುಟಿ ಅಲ್ಲಾಡಿಸುವ ನರ ಬೇರೆ. ಇದು ದವಡೆ ಮೂಳೆಯ ಒಳಗೇ ಹರಿಯುವುದರಿಂದ ಮೂಳೆ ಸೀಳುವಾಗ ಎಳೆತಕ್ಕೆ ಸಿಗುತ್ತದೆ. ಇರುವೆ ಹರಿದಂತಾಗುವುದು ಒಳ್ಳೆಯ ಸೂಚನೆ, ನರ ಚಿಗುರುತ್ತಿದೆ. ಹೆಚ್ಚಿನವರಿಗೆ ಒಂದು ವರ್ಷದೊಳಗೆ ಬಹುಪಾಲು ಮರಳುತ್ತದೆ. ಕೆಲವರಿಗೆ ಸ್ವಲ್ಪ ಜೋಮು ಉಳಿದೇಬಿಡುತ್ತದೆ, ಇದನ್ನು ಸರ್ಜರಿಗೆ ಮೊದಲೇ ನಿಮಗೆ ಹೇಳಬೇಕಿತ್ತು. ನಿಮಗೆ ಬದಲಾವಣೆ ಕಾಣುತ್ತಿರುವುದರಿಂದ ಕಾಯಬಹುದು. ಸರ್ಜರಿಯಾಗಿ ಮೂರು ತಿಂಗಳಾದರೂ ಏನೂ ತಿಳಿಯದೆ ಪೂರ್ತಿ ಮರಗಟ್ಟಿದ್ದರೆ ಮಾತ್ರ ಕಾಯುವಂತಿಲ್ಲ. ನರ ಹೊಲಿದು ಸರಿಮಾಡಲು ಬೇಗ ಹೋದಷ್ಟೂ ಒಳ್ಳೆಯದು. ತಿಂಗಳಿಗೊಮ್ಮೆ ಕನ್ನಡಿ ಮುಂದೆ ಕೂತು ಹತ್ತಿಯಿಂದ ಮುಟ್ಟಿ ನೋಡಿ, ಗೊತ್ತಾಗದ ಜಾಗ ಎಷ್ಟು ಕುಗ್ಗಿದೆ ಎಂದು ಬರೆದಿಡಿ. ಅಲ್ಲಿಯವರೆಗೆ ಬಿಸಿ ಕಾಫಿಯನ್ನು ಮೊದಲು ಬೆರಳಿಗೆ ಮುಟ್ಟಿಸಿ ನೋಡಿಯೇ ಕುಡಿಯಿರಿ, ಸುಟ್ಟರೂ ತುಟಿಗೆ ಗೊತ್ತಾಗದು.