ಹೊಗಳಿ ಫೋಟೊ ಹಾಕಿದೆ, ಗೆಳತಿ ಮಾತು ಬಿಟ್ಟಳು

ಪ್ರಶ್ನೆ: ಅಮೆರಿಕದಲ್ಲಿ ಓದುವಾಗ ನನಗೆ ಕಾಸ್‌ಪ್ಲೇ ಹುಚ್ಚು ಹಿಡಿಯಿತು. ಅನಿಮೆ, ಅಂದರೆ ಜಪಾನಿ ಕಾರ್ಟೂನ್ ಪಾತ್ರಗಳ ವೇಷ ಹಾಕಿಕೊಂಡು ರೈಲಿನಲ್ಲೇ ಹೋಗುತ್ತಿದ್ದೆ, ಸಿಕ್ಕವರ ಜೊತೆ ಸೆಲ್ಫಿ ತೆಗೆದುಕೊಳ್ಳುತ್ತಿದ್ದೆ. ಈ ಸಲ ಜಪಾನಿ ಗೆಳತಿಯೊಬ್ಬಳ ಜೊತೆ ಟೋಕಿಯೊದಲ್ಲಿ ನಡೆಯುವ ಕಾಮಿಕ್ಸ್ ಅಭಿಮಾನಿಗಳ ದೊಡ್ಡ ಮೇಳ ಕಾಮಿಕೆಟ್‌ಗೆ ಹೋಗಿದ್ದೆ. ಅವಳ ವೇಷ ಅದ್ಭುತವಾಗಿತ್ತು. ಫೋಟೊ ಹಾಕಿ, ಅವಳ ನಿಜವಾದ ಹೆಸರು, ಕೆಲಸ ಮಾಡುವ ಕಂಪನಿ ಎಲ್ಲಾ ಬರೆದು ಹೊಗಳಿದೆ. ‘ದಯವಿಟ್ಟು ತೆಗೆದುಬಿಡು’ ಅಂತ ಒಂದು ಸಾಲು ಕಳಿಸಿದಳು, ಆಮೇಲೆ ಮಾತೇ ಇಲ್ಲ. ಇಷ್ಟು ಚೆನ್ನಾಗಿ ಮಾಡುವವಳು ನಾಚಿಕೆಪಡೋದು ಯಾಕೆ? ಅವಳಿಗೆ ಹೇಗೆ ಧೈರ್ಯ ತುಂಬಲಿ? ಹಾಕಿದ ಫೋಟೊ ತೆಗೆದುಹಾಕಲೇಬೇಕಾ?

ಉತ್ತರ: ತೆಗೆಯಲೇಬೇಕು, ಈಗಲೇ. ಮಿಕ್ಕಿದ್ದನ್ನು ಆಮೇಲೆ ಓದಿ.

ತೆಗೆದಿರಾ? ಸರಿ. ಈಗ ಧೈರ್ಯದ ವಿಷಯ. ಅಷ್ಟು ದೊಡ್ಡ ಜಂಗುಳಿಯ ನಡುವೆ ವಿಗ್ ಹಾಕಿಕೊಂಡು ಪೋಸ್ ಕೊಟ್ಟವಳಿಗೆ ನೀವು ಧೈರ್ಯ ತುಂಬ್ತೀರಾ? ಆ ಉಪದೇಶ ಮಾತ್ರ ಬೇಡ.

ಜಪಾನಿನ ಎಷ್ಟೋ ಕಾಸ್‌ಪ್ಲೇಯರ್‌ಗಳು ಈ ಹವ್ಯಾಸಕ್ಕೆ ಅಂತಲೇ ಬೇರೆ ಹೆಸರು ಇಟ್ಟುಕೊಂಡಿರುತ್ತಾರೆ. ಪರಿಚಯವಾದವರಿಗೆ ಕೊಡುವ ಕಾರ್ಡಿನಲ್ಲೂ ಆ ಹೆಸರೇ. ಆಫೀಸಿನವರಿಗೆ, ಕೆಲವೊಮ್ಮೆ ಮನೆಯವರಿಗೂ ಇದು ಗೊತ್ತಿರುವುದಿಲ್ಲ. ಗೊತ್ತಾಗಬೇಕಾ ಬೇಡವಾ ಅನ್ನುವುದು ಅವರವರ ಇಷ್ಟ. ನಿಮ್ಮ ಗೆಳತಿಯ ಪರವಾಗಿ ಅದನ್ನು ನೀವು ತೀರ್ಮಾನ ಮಾಡಿಬಿಟ್ಟಿರಿ, ಅದೂ ಕಂಪನಿಯ ಹೆಸರಿನ ಸಮೇತ!

ಸುಳಿವು ನಿಮ್ಮ ಕಣ್ಣೆದುರೇ ಇತ್ತು. ಕಾಮಿಕೆಟ್ 1975ರಿಂದ ನಡೆದುಕೊಂಡು ಬಂದಿದೆ. ಅಲ್ಲಿಗೆ ವೇಷ ಹಾಕಿಕೊಂಡು ಬರುವಂತಿಲ್ಲ, ವೇಷದಲ್ಲೇ ಮನೆಗೆ ಹೋಗುವಂತೆಯೂ ಇಲ್ಲ. ಎಲ್ಲರೂ ಸೂಟ್‌ಕೇಸ್ ಎಳೆದುಕೊಂಡು ಬಂದು, ಅಲ್ಲಿನ ಕೋಣೆಯಲ್ಲಿ ಬಟ್ಟೆ ಬದಲಿಸಿ, ಸಂಜೆ ಮತ್ತೆ ಮಾಮೂಲಿ ಬಟ್ಟೆಯಲ್ಲಿ ರೈಲು ಹತ್ತುತ್ತಾರೆ. ಕ್ಯಾಮೆರಾ ಹಿಡಿದವರು ಸಾಲಿನಲ್ಲಿ ನಿಂತು, ಕೇಳಿ ಕ್ಲಿಕ್ ಮಾಡುತ್ತಾರೆ. ಫೋಟೊ ಎಲ್ಲಾದರೂ ಹಾಕುವ ಮೊದಲು ಮತ್ತೆ ಕೇಳುವುದೂ ಮರ್ಯಾದೆ. ‘ಎಷ್ಟು ಶಿಸ್ತಪ್ಪಾ ಇವರಿಗೆ’ ಅಂದುಕೊಂಡು ನೀವು ಮುಂದೆ ಹೋಗಿರಬೇಕು.

ಅಮೆರಿಕದಲ್ಲಿ ಹೋಟೆಲ್ ಲಾಬಿ, ರಸ್ತೆ, ರೈಲು, ಎಲ್ಲಾ ಕಡೆ ವೇಷದಲ್ಲೇ ಓಡಾಡಬಹುದು. ‘ನೀನೇ ಹೊಲಿದಿದ್ದಾ?’ ಅಂತ ಅಪರಿಚಿತರೂ ಬಂದು ಕೇಳುತ್ತಾರೆ, ಅದು ಚಂದವೇ. ಆದರೆ ಅಲ್ಲೂ ಕಾಮಿಕ್ಸ್ ಪ್ರಿಯರ ಮೇಳವಾದ ನ್ಯೂಯಾರ್ಕ್ ಕಾಮಿಕ್ ಕಾನ್‌ನವರು 2014ರಲ್ಲಿ ದೊಡ್ಡ ಬೋರ್ಡ್ ಹಾಕಬೇಕಾಯಿತು: ವೇಷ ಹಾಕಿದ್ದಾರೆ ಅಂದರೆ ಒಪ್ಪಿಗೆ ಕೊಟ್ಟಿದ್ದಾರೆ ಅಂತಲ್ಲ, ಫೋಟೊ ತೆಗೆಯುವ ಮುಂಚೆ ಕೇಳಿ ಅಂತ. ಹಾಗಾಗಿ ಇದನ್ನು ಜಪಾನಿನವರ ವಿಚಿತ್ರ ಸಂಕೋಚ ಅಂತ ತಳ್ಳಿಹಾಕಬೇಡಿ. ಹಾಗಂತ ಜಪಾನ್ ಪೂರ್ತಿ ಹೀಗೇ ಅಂತಲೂ ಅಲ್ಲ. ನಾಗೊಯಾದಲ್ಲಿ 2003ರಿಂದ ನಡೆಯುತ್ತಿರುವ ವರ್ಲ್ಡ್ ಕಾಸ್‌ಪ್ಲೇ ಸಮ್ಮಿಟ್‌ನಲ್ಲಿ ವೇಷಧಾರಿಗಳು ಪೇಟೆ ಬೀದಿಯಲ್ಲೇ ಮೆರವಣಿಗೆ ಹೋಗುತ್ತಾರೆ. ನಿಮ್ಮ ಗೆಳತಿಯೂ ಒಂದು ದಿನ ಅದರಲ್ಲಿ ಹೋಗಬಹುದು, ತನಗೆ ಬೇಕೆನಿಸಿದಾಗ.

ಈಗ ಆಕೆಗೆ ಬರೆಯಿರಿ. ಮೂರು ಸಾಲು ಸಾಕು: ಫೋಟೊ ತೆಗೆದುಹಾಕಿದ್ದೇನೆ, ಕೇಳದೆ ಹಾಕಿದ್ದು ತಪ್ಪು, ಆಫೀಸಿನಲ್ಲಿ ಇದರಿಂದ ತೊಂದರೆ ಏನಾದರೂ ಆಗಿದ್ದರೆ ಹೇಳು. ‘ನಮ್ಮಲ್ಲಿ ಇದೆಲ್ಲಾ ಮಾಮೂಲಿ’ ಅಂತ ಸೇರಿಸಬೇಡಿ, ಅದು ಕ್ಷಮೆಯಲ್ಲ, ವಾದ. ಉತ್ತರ ಬರದಿದ್ದರೆ ಮತ್ತೆ ಮತ್ತೆ ಮೆಸೇಜ್ ಮಾಡಿ ಪೀಡಿಸಬೇಡಿ. ಆ ಫೋಟೊವನ್ನು ಹಂಚಿಕೊಂಡ ಗೆಳೆಯರಿದ್ದರೆ ಅವರಿಗೂ ಇವತ್ತೇ ಹೇಳಿ ತೆಗೆಸಿ. ನಿಮ್ಮ ಫೋನಿನಲ್ಲಿ ಉಳಿದಿರುವ ಆಕೆಯ ಫೋಟೊಗಳ ವಿಷಯ ಆಕೆ ಮಾತಾಡಿದ ಮೇಲೆ ನೋಡಿದರಾಯಿತು. ಅವನ್ನು ಆಕೆಗೇ ಕಳಿಸಿ. ಯಾವುದು ಇರಲಿ, ಯಾವುದು ಬೇಡ ಅಂತ ಆಕೆಯೇ ಆರಿಸಲಿ.